ಶೂ ಬಿಚ್ಚಿ ಕುಣಿದ ಅಜ್ಜನಿಗೆ

ಕೆಳಗಿನ ಮನೆಯ ಅಜ್ಜಾ,

ನಿಮಗೆ ಕನ್ನಡ ಓದಲು ಬರುವುದಿಲ್ಲ, ನನಗೆ ಇಂಗ್ಲಿಷಿನಲ್ಲಿ ಬರೆಯಲು ಬರುವುದಿಲ್ಲ. ನೀವಿದ್ದಾಗಲೂ ನಮ್ಮದು ಹೀಗೇ ನಡೆಯಿತಲ್ಲ, ಈಗಲೂ ನಡೆದೀತು. ಇವತ್ತು ಒಗೆದ ಬಟ್ಟೆ ಹೊತ್ತು ಮೆಟ್ಟಿಲು ಹತ್ತುವಾಗ ಸುಸ್ತಾಗಿ ನಿಮ್ಮ ಬಾಗಿಲ ಮುಂದೆ ಬುಟ್ಟಿ ಇಳಿಸಿ ಕುಳಿತುಬಿಟ್ಟೆ. ಒಳಗೆ ಯಾರೋ ಹೊಸಬರು ರೇಡಿಯೋ ಹಾಕಿದ್ದರು. ಎದ್ದು ಮೇಲೆ ಹೋಗಲು ಮನಸ್ಸೇ ಬರಲಿಲ್ಲ.

ಮ್ಯಾನ್‌ಹಟನ್ನಿಗೆ ಬಂದ ಮೊದಲ ಚಳಿಗಾಲ ನೆನಪಾಯಿತು. ನನ್ನ ಗಂಡ ಹೋಟೆಲಿನ ಅಡುಗೆಮನೆಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಮಧ್ಯಾಹ್ನವಾಯಿತೆಂದರೆ ನೆಲದಡಿಯಿಂದ ಟಕ ಟಕ ಟಕ. ಹೀಟರಿನ ಪೈಪು ಒಡೆಯುತ್ತಿದೆ ಎಂದು ಹೆದರಿದೆ. ರಜೆಯ ದಿನ ಇವರು ಕೆಳಗಿಳಿದು ನಿಮ್ಮ ಬಾಗಿಲು ತಟ್ಟಿ, ನಗುತ್ತಾ ವಾಪಸು ಬಂದರು. "ಪೈಪಲ್ಲ ಮಾರಾಯ್ತಿ, ಮುದುಕರೊಬ್ಬರು! ಶೂಗೆ ತಗಡು ಹೊಡ್ಕೊಂಡು ಟ್ಯಾಪ್ ಡ್ಯಾನ್ಸ್ ಕುಣೀತಾ ಇದ್ದಾರೆ."

ಆಮೇಲೆ ಮೆಟ್ಟಿಲಲ್ಲಿ ಎದುರಾದಾಗ ನಾನು ತಲೆ ತಗ್ಗಿಸಿ "ಅಜ್ಜ" ಎಂದೆ. ವಯಸ್ಸಾದವರನ್ನು ಇನ್ನು ಹೇಗೆ ಕರೆಯಲಿ? ಅದು ನಮಸ್ಕಾರದ ಮಾತೆಂದುಕೊಂಡು ನೀವೂ ಟೋಪಿ ಎತ್ತಿ "ಅಜ್ಜ!" ಎಂದಿರಿ. ತಿದ್ದಲು ನಾಚಿಕೆಯಾಯಿತು. ಕೊನೆಯವರೆಗೂ ನಾನು ನಿಮಗೆ ಅಜ್ಜ, ನೀವು ನನಗೆ ಅಜ್ಜ.

ಒಂದು ಭಾನುವಾರ ನಮ್ಮಿಬ್ಬರನ್ನೂ ಕರೆದು ವೀಡಿಯೊ ಕ್ಯಾಸೆಟ್ ಹಾಕಿದಿರಿ. ಹಾಲಿವುಡ್ಡಿನ ಹಳೆಯ ಕಪ್ಪುಬಿಳುಪು ಚಿತ್ರ. ಮುಂದೆ ಹೀರೋ, ಹಿಂದೆ ಸಾಲಾಗಿ ಕುಣಿಯುವ ಗಂಡಸರು. ನೀವು ಒಬ್ಬನ ಮೇಲೆ ಬೆರಳಿಟ್ಟು "ಮಿ" ಎಂದಿರಿ. ಅಷ್ಟರಲ್ಲಿ ಹೀರೋನ ತೋಳು ಅಡ್ಡ ಬಂತು.

"ಮುಖವೇ ಕಾಣೂದಿಲ್ಲಲ್ಲ!" ಎಂದರು ಇವರು.

ಮಾತು ಅರ್ಥವಾಗದಿದ್ದರೂ ನೀವು ನಕ್ಕು, ಕಣ್ಣು ಮುಚ್ಚಿ ಕೇಳಿ ಎಂದು ಸನ್ನೆ ಮಾಡಿದಿರಿ. ಆಮೇಲೆ ಇವರಿಗೆ ನಿಧಾನವಾಗಿ ವಿವರಿಸಿದಿರಿ. ಚಿತ್ರ ತೆಗೆದಾದ ಮೇಲೆ ಹೆಜ್ಜೆಯ ಶಬ್ದವನ್ನು ಸ್ಟುಡಿಯೋದಲ್ಲಿ ಬೇರೆಯಾಗಿ ಸೇರಿಸುತ್ತಿದ್ದರಂತೆ. ಪರದೆಯಲ್ಲಿ ಕುಣಿಯುವುದು ಹೀರೋನ ಕಾಲು, ಕೇಳುವುದು ನಿಮ್ಮ ಕಾಲು. "ನಮ್ಮ ಹಿನ್ನೆಲೆ ಗಾಯಕರಿದ್ದ ಹಾಗೆ" ಎಂದು ಇವರು ನನಗೆ ತಿಳಿಸಿದರು. ಆದರೆ ನಮ್ಮಲ್ಲಿ ಹಾಡಿದವರ ಹೆಸರನ್ನು ರೇಡಿಯೋದಲ್ಲಾದರೂ ಹೇಳುತ್ತಾರೆ. ನಿಮ್ಮದು? ಇವರು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಮೊದಲಿಗೆ ಬರುವ ಹೆಸರುಗಳನ್ನೆಲ್ಲ ಓದಿದರು. ಇರಲಿಲ್ಲ. ನಿಮಗೆ ಬೇಸರವಾದಂತೆ ಕಾಣಲಿಲ್ಲ. ಬೇಸರಪಟ್ಟು ಪಟ್ಟು ಅದೂ ಸವೆದುಹೋಗಿತ್ತೋ ಏನೋ. ಒಮ್ಮೆ, ಒಂದೇ ಒಂದು ಸಲ, ಜನರೆದುರು ನನ್ನ ಹೆಸರು ಹೇಳಿ ಆಮೇಲೆ ನನ್ನ ಹೆಜ್ಜೆ ಕೇಳಿಸಬೇಕಿತ್ತು ಎಂದಿರಂತೆ, ಅಷ್ಟೇ.

ಆ ಮಾತು ನನ್ನನ್ನು ಬಿಡಲಿಲ್ಲ. ಯಾರೊಂದಿಗೂ ಮಾತಾಡದ ನಾನು ಕನ್ನಡ ಕೂಟದ ಅಂಕಲ್‌ಗೆ ಫೋನ್ ಮಾಡಿದೆ. ದೀಪಾವಳಿ ಕಾರ್ಯಕ್ರಮದಲ್ಲಿ ಸ್ವಲ್ಪ ಸಮಯ ಕೊಡಲು ಒಪ್ಪಿದರು. ನೀವು ಹಳೆಯ ಕಪ್ಪು ಸೂಟು ಹಾಕಿ, ಶೂಗಳನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ನಮ್ಮ ಜೊತೆ ರೈಲಿನಲ್ಲಿ, ಕಾರ್ಯಕ್ರಮವಿದ್ದ ವೆಸ್ಟ್ ವಿಂಡ್ಸರ್ ಊರಿನ ಶಾಲೆಗೆ ಬಂದಿರಿ. ವೇದಿಕೆಯ ಪಕ್ಕದಲ್ಲಿ ಆ ಶೂ ಹಾಕಿಕೊಂಡದ್ದೇ ತಡ, ಅಂಕಲ್ ಓಡಿ ಬಂದರು.

"ಶೂ ಬಿಚ್ಚಿಸಮ್ಮ. ದೇವರ ಫೋಟೋ ಇದೆ, ದೀಪ ಹಚ್ಚಿದೀವಿ."

"ಅವರ ಡ್ಯಾನ್ಸ್ ಇರೂದೇ ಶೂನಲ್ಲಿ ಅಂಕಲ್," ಎಂದರು ಇವರು.

"ಅಲ್ರೀ, ನಮ್ಮ ಮಕ್ಕಳು ಭರತನಾಟ್ಯ ಬರಿಗಾಲಲ್ಲೇ ಮಾಡಿಲ್ವಾ?"

"ಅವರು ಗೆಜ್ಜೆ ಕಟ್ತಾರಲ್ಲ!"

"ಸರಿ, ಇವರಿಗೂ ಒಂದು ಜೊತೆ ಗೆಜ್ಜೆ ಕೊಡಿಸ್ಲಾ?"

ಸುತ್ತಲಿದ್ದವರು ನಕ್ಕರು. ಅಂಕಲ್ ಕೆಟ್ಟವರಲ್ಲ ಅಜ್ಜ. ದೀಪದ ಮುಂದೆ ಚಪ್ಪಲಿ ಹಾಕಿ ನಾನೂ ಎಂದಾದರೂ ನಿಂತಿದ್ದೇನೆಯೇ? ನೀವು ಯಾರನ್ನೂ ಏನೂ ಕೇಳಲಿಲ್ಲ. ಬರಿಗಾಲಿನ ಮಕ್ಕಳನ್ನು ನೋಡಿದಿರಿ, ಕುರ್ಚಿಯಲ್ಲಿ ಕುಳಿತು ಲೇಸು ಬಿಚ್ಚಿದಿರಿ.

ಮೈಕಿನಲ್ಲಿದ್ದ ಹುಡುಗಿ "ನೆಕ್ಸ್ಟ್, ಗಿರಿಜಾ ಅವರ ನೈಬರ್!" ಎಂದಳು. ನಾನು ಕನ್ನಡದಲ್ಲಿ ಬರೆದು ಕೊಟ್ಟ ಹೆಸರು ಅವಳಿಗೆ ಓದಲಾಗಲಿಲ್ಲವೋ, ಅಥವಾ... ನೀವು ಕಾಲುಚೀಲದಲ್ಲಿ ಕುಣಿದಿರಿ. ಕೈ, ಭುಜ, ಮೊಣಕಾಲು, ಎಲ್ಲವೂ ತಮ್ಮ ಕೆಲಸ ಮಾಡಿದವು. ಶಬ್ದ ಮಾತ್ರ ಇಲ್ಲ. ಮುಂದಿನ ಸಾಲಿನ ಮಗುವೊಂದು "ಮಾಮ್, ವೇರ್ ಈಸ್ ದ ಟ್ಯಾಪ್?" ಎಂದು ಕೇಳಿತು. ಜನ ಚಪ್ಪಾಳೆ ತಟ್ಟಿದರು, ವಯಸ್ಸಿಗೆ ತಟ್ಟುವ ಚಪ್ಪಾಳೆ. ವಾಪಸು ಬರುವಾಗ ರೈಲಿನ ಕಿಟಕಿಗೆ ತಲೆಯಾನಿಸಿ "ಟೈರ್ಡ್" ಎಂದಿರಿ. ಆ ಚಳಿಗಾಲ ಮುಗಿಯುವಷ್ಟರಲ್ಲಿ ನೀವು... ಮನೆ ಖಾಲಿ ಮಾಡಲು ಬಂದ ನಿಮ್ಮ ತಂಗಿಯ ಮಗಳು ಆ ಕ್ಯಾಸೆಟ್ಟನ್ನು ನನ್ನ ಕೈಗಿತ್ತು ಹೋದಳು.

ನಿನ್ನೆ ಅಂಕಲ್ ಫೋನ್ ಮಾಡಿದ್ದರು. ಅದನ್ನು ಹೇಳಲೆಂದೇ ಬರೆಯಲು ಕುಳಿತೆ.

"ಈ ಸಲ ದೀಪ, ಫೋಟೋ ಎಲ್ಲ ಬಾಗಿಲ ಹತ್ರಾನೇ ಇಡ್ತೀವಮ್ಮ. ಸ್ಟೇಜಲ್ಲಿ ಶೂ ಹಾಕ್ಕೋಬಹುದು. ಹೋದ ಸಲದ್ದು ನಂಗೂ ಮನಸ್ಸಿಗೆ ಸರಿ ಹೋಗಿರ್ಲಿಲ್ಲ. ನಿಮ್ಮ ನೈಬರ್‌ನ ಕರ್ಕೊಂಡು ಬನ್ನಿ."

ನೀವು ಹೋದದ್ದನ್ನು ಹೇಳಿದೆ. "ಅಯ್ಯೋ, ಹಾಗಾದ್ರೆ ಶುರುನಲ್ಲಿ ಒಂದು ನಿಮಿಷ ಮೌನ ಆಚರಿಸೋಣಮ್ಮ" ಎಂದರು.

ಮೌನವೇ? ನಿಮಗೆ, ಇನ್ನೂ ಮೌನವೇ?

"ಮೌನ ಬೇಡ ಅಂಕಲ್" ಎಂದೆ. ನನ್ನ ಧ್ವನಿ ಎಷ್ಟು ಜೋರಾಗಿತ್ತೆಂದರೆ ಒಲೆಯ ಮುಂದಿದ್ದ ಇವರು ತಿರುಗಿ ನೋಡಿದರು. "ಒಂದು ಕ್ಯಾಸೆಟ್ ತರ್ತೇನೆ. ಟೀವಿ ಇಡಿ, ಸೌಂಡ್ ದೊಡ್ಡದು ಮಾಡಿ."

"ಆಯ್ತಮ್ಮ. ಅನೌನ್ಸ್ ಯಾರು ಮಾಡ್ತಾರೆ?"

"ನಾನೇ."

ಫೋನಿಟ್ಟ ಮೇಲೆ ಹೇಳಿದ್ದೇನೆಂದು ಹೊಳೆಯಿತು. ಆ ಮೈಕಿನ ಮುಂದೆ ನಾನು ನಿಲ್ಲುವುದೆಂದರೆ! ಆದರೂ ನಿಲ್ಲುತ್ತೇನೆ ಅಜ್ಜ. ಹೇಳಬೇಕಾದದ್ದು ಎರಡೇ ಮಾತು, ಬಾಯಿಪಾಠ ಮಾಡುತ್ತಿದ್ದೇನೆ. "ನಿಮಗೆ ಕಾಣುತ್ತಿರುವುದು ಯಾರ ಕಾಲೋ. ಕೇಳಿಸುತ್ತಿರುವವರು ಲೆನ್ನಿ ಗ್ರೋವ್."

ಮೇಲಿನ ಮನೆಯ
ಗಿರಿಜಾ