ಐದು ಗುಂಡಿ

ಅಪ್ಪಾಜಿ,

ಈ ಕಾಗದ ಕಳಿಸಲು ನಿಮ್ಮ ವಿಳಾಸವಿಲ್ಲ. ಆದರೆ ಇವತ್ತು ನಡೆದದ್ದನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ, ತಿಳಿಯುತ್ತಿಲ್ಲ.

ನಲವತ್ತೊಂದನೇ ವಯಸ್ಸಿಗೆ ನಾನು ಈ ಪರದೇಶದ ನಾರ್ತ್ ಯಾರ್ಕಿನಲ್ಲಿ ಮತ್ತೆ ಕಾಲೇಜು ಸೇರಿದ್ದೇನೆ. ಥೆರಪಿ ಅಸಿಸ್ಟೆಂಟ್ ಕೋರ್ಸು, ರೋಗಿಗಳಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಲು ಮತ್ತೆ ಕಲಿಸುವುದು. ಇವತ್ತು ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಲಕ್ವ ಹೊಡೆದ, ಮಾತು ನಿಂತ ರೋಗಿಯಾಗಿ ನಟಿಸಲು ಬಂದವರು ಯೂನಿಯನ್‌ವಿಲ್‌ನ ಪಟ್ಟಾಭಿ ಅಂಕಲ್, ನಿವೃತ್ತ ಎಂಜಿನಿಯರು. ಒಂದೇ ಕೈಯಲ್ಲಿ ಅಂಗಿ ತೊಡುವುದನ್ನು ನಾನು ಅವರಿಗೆ ಹೇಳಿಕೊಡಬೇಕಿತ್ತು, ಅಷ್ಟೇ. ಮೊದಲ ಗುಂಡಿಗೇ ಅವರ ಬೆರಳು ತಡವರಿಸಿತು. ನಾನೇ ಐದೂ ಗುಂಡಿ ಹಾಕಿ, ಕಾಲರ್ ಸರಿಮಾಡಿ ನಿಂತೆ. ಟೀಚರ್ ನನ್ನನ್ನು ಫೇಲ್ ಮಾಡಿದರು.

ಆಮೇಲೆ ಕಾರಿಡಾರಿನಲ್ಲಿ ಅಂಕಲ್ ಕೇಳಿದರು. "ನಾನೇ ಹಾಕ್ಕೊಳ್ತೀನಿ ಅಂತ ಎರಡ್ ಸಲ ನಿನ್ ಕೈ ತಳ್ಳಿದೆ ಕಣಮ್ಮ. ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಅಂಕಲ್. ಸಿಟ್ಟು ಅನ್ಕೊಂಡೆ."

ಲಕ್ವ ಹೊಡೆದು ಮಾತು ಹೋದ ಮೇಲೆ ನೀವೂ ದಿನಾ ಬೆಳಿಗ್ಗೆ ನನ್ನ ಕೈ ತಳ್ಳುತ್ತಿದ್ದಿರಿ. "ಮಗಳು ಒಂದ್ ಗುಂಡಿನೂ ಅವರ ಕೈಲಿ ಹಾಕಿಸಲ್ಲ" ಎಂದು ಅಮ್ಮ ಬಂದವರೆದುರು ನನ್ನನ್ನು ಹೊಗಳುತ್ತಿದ್ದಳು. ಅದು ಸೇವೆಯೋ, ಇನ್ನೇನೋ, ನನಗೀಗ ಒಂದೂ ಗೊತ್ತಾಗುತ್ತಿಲ್ಲ.

ಮನೆಗೆ ಬಂದು ಬಲಗೈ ಬೆನ್ನ ಹಿಂದಿಟ್ಟುಕೊಂಡು ಎಡಗೈಯಲ್ಲೇ ಅಂಗಿ ತೊಟ್ಟು ನೋಡಿದೆ. ಐದು ಗುಂಡಿಗೆ ಹನ್ನೆರಡು ನಿಮಿಷ ಹಿಡಿಯಿತು. ನಿಮಗೆ ಹಾಕಲು ನನಗೆ ಒಂದೇ ನಿಮಿಷ ಸಾಕಾಗುತ್ತಿತ್ತು.

ಆಗ ಎಂಟೂಕಾಲಿಗೆ ನನ್ನ ಆಫೀಸಿನ ಬಸ್ಸು ಬರುತ್ತಿತ್ತು, ಅಪ್ಪಾಜಿ.