ಕಾರ್ಡಿಗೆ ಖಾಲಿ ಬಿಟ್ಟ ಜಾಗ

ಗುಂಡಾ,

ನೀನು ಏಳೋದ್ರೊಳಗೆ ನಾನು ಡ್ಯೂಟಿಗೆ ಹೊರಟಿರ್ತೀನಿ. ಇವತ್ತು ಕಂಪ್ಯೂಟರ್ ತರೋಕೆ ಹೋಗ್ತೀಯಲ್ಲ, ಗ್ರಾಫಿಕ್ಸ್ ಕಾರ್ಡ್ ಬೇಡ. ಅಂಗಡಿಯವನು ಎಷ್ಟೇ ಪುಸಲಾಯಿಸಲಿ, ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇರೋದನ್ನ ತಗೋ. ನಿನ್ನ ಟೈಪಿಂಗ್ ಕೆಲಸಕ್ಕೆ ಅದು ಧಾರಾಳ ಸಾಕು.

ಆಟ ಆಡೋಕಾಗಲ್ಲ ಅಂತ ಮುಖ ಊದಿಸ್ಕೋಬೇಡ. ದುಡ್ಡಿನ ಮಾತಲ್ಲ ಕಣೋ ಇದು. ಕಂಪ್ಯೂಟರ್ ಇಡೋಕೆ ನಮಗಿರೋದು ಅಮ್ಮನ ಮಂಚದ ಪಕ್ಕದ ಮೇಜೊಂದೇ. ಮೊನ್ನೆ ಗೆಳೆಯನ ಕಂಪ್ಯೂಟರ್ ತಂದು ಆಡ್ತಿದ್ದೆಯಲ್ಲ, ಅದರೊಳಗಿನ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಹಿಟ್ಟಿನ ಗಿರಣಿ ಥರ ಬಡ್ಕೊಳ್ತಿತ್ತು. ಅಮ್ಮನ ಗಂಟಲಲ್ಲಿ ಕಫ ಕಟ್ಟಿ ಗೊರಗೊರ ಅಂದಿದ್ದು ಪಕ್ಕದಲ್ಲೇ ಕೂತಿದ್ದ ನಿನಗೆ ಕೇಳಿಸ್ಲೇ ಇಲ್ಲ. ನಾನು ಬಂದು ನೋಡಿದಾಗ ತುಟಿ ನೀಲಿಗಟ್ಟಿತ್ತು. ಮಾತು ನಿಂತ ಮೇಲೆ ನಮ್ಮನ್ನ ಕರೆಯೋಕೆ ಅವಳಿಗೆ ಆ ಉಸಿರಿನ ಸದ್ದೊಂದೇ ಇರೋದು.

ಹೊರಡೋ ಮುಂಚೆ ಅವಳ ಮಗ್ಗುಲು ಬದಲಾಯಿಸಿ, ಪಕ್ಕದ್ಮನೆ ಅತ್ತೇನ ಕೂರಿಸಿ ಹೋಗು.

ಹಾಂ, ಕಾರ್ಡ್ ಕೂರಿಸೋ ಜಾಗ ಖಾಲಿ ಇರೋ ಮದರ್‌ಬೋರ್ಡನ್ನೇ ಕೇಳಿ ತಗೋ. ಮುಂದೆ ಹಾಕಿಸ್ಕೊಳ್ಳುವೆಯಂತೆ. ಆಗ ಅದು ಎಷ್ಟು ಸದ್ದು ಮಾಡಿದ್ರೂ ನಾನು ಬೈಯಲ್ಲ.

ಡಾಕ್ಟರು ನಿನ್ನೆ ಹೇಳಿದ್ದು ನೋಡಿದ್ರೆ, ನೀನು ಬಹಳ ದಿನ ಕಾಯಬೇಕಾಗಲ್ಲ.

ಅಕ್ಕ