ಮಂಗಳವಾರ ಬರುತ್ತಿದ್ದವಳಿಗೆ

ಇಸ್ತ್ರಿ ಅಂಗಡಿಯ ಮೇಲಿನ ಮನೆ
ತಾರೀಖು ಹದಿನೆಂಟು, ಗುರುವಾರ

ನಮ್ಮ ಮನೆಗೆ ಬರುತ್ತಿದ್ದ ನರ್ಸಮ್ಮನಿಗೆ,

ನಿನಗೆ ಬುದ್ಧಿ ಇದೆಯೇನೇ? ಮುದುಕಿಯೊಬ್ಬಳು ಬಾಗಿಲಿಗೆ ಅಡ್ಡ ನಿಂತು, ನನ್ನ ಮೊಮ್ಮಗಳು ಕೂಸನ್ನು ಎತ್ತಿಕೊಂಡು ಊರು ಬಿಟ್ಟಳು ಅಂದರೆ ನಂಬಿಬಿಡುವುದೇ? ಅಷ್ಟು ಓದಿದವಳಿಗೆ ನನ್ನ ಬೆನ್ನ ಹಿಂದೆ ಹಗ್ಗದ ಮೇಲೆ ಕೂಸಿನ ಬಟ್ಟೆ ಒಣಗುತ್ತಿದ್ದದ್ದು ಕಾಣಲಿಲ್ಲವೇ? ಅಯ್ಯೋ ಹೌದಾ ಅಜ್ಜಿ, ಹೊಸ ವಿಳಾಸ ಸಿಕ್ಕಿದರೆ ತಿಳಿಸಿ ಅಂದು, ಬಿಚ್ಚಿದ್ದ ಒಂದು ಶೂವನ್ನು ಮತ್ತೆ ಹಾಕಿಕೊಂಡು ಮೆಟ್ಟಿಲಿಳಿದು ಹೋದೆ. ಆಮೇಲೆ ಎರಡು ಸಲ ಫೋನು ಮಾಡಿದೆ, ನಿಜ. ಮನೆಗಿರುವ ಒಂದೇ ಫೋನು ನನ್ನ ದಿಂಬಿನ ಕೆಳಗಿತ್ತು.

ಹುಡುಗಿ ಎಲ್ಲಿಗೂ ಹೋಗಿರಲಿಲ್ಲ. ಸೋಪು ತಾ ಅಂತ ನಾನೇ ಅಂಗಡಿಗೆ ಕಳಿಸಿದ್ದೆ. ಕೂಸು ಒಳಗೆ ಮಲಗಿತ್ತು.

ಯಾಕೆ ಅಂತ ಕೇಳುತ್ತೀಯ. ಚಿಕ್ಕ ವಯಸ್ಸಿಗೆ ತಾಯಿಯಾದವರ ಮನೆಗೆ ನರ್ಸು ಹೋದರೆ ಒಳ್ಳೆಯದಾಗುತ್ತೋ ಇಲ್ಲವೋ ಅಂತ ನೋಡುವ ಅಧ್ಯಯನವಂತೆ. ಚೀಟಿ ಎತ್ತಿದರಂತೆ. ಅರ್ಧ ಮನೆಗಳಿಗೆ ನರ್ಸು, ಅರ್ಧ ಮನೆಗಳಿಗೆ ಬರೀ ಪ್ರಶ್ನೆ. ಎದುರುಮನೆಗೆ ಬರೀ ಪ್ರಶ್ನೆ ಬಂತು, ನಮ್ಮ ಮನೆಗೆ ನೀನು ಬಂದೆ. ನನ್ನ ಅದೃಷ್ಟ ನೋಡು!

ತಾಯಿ ಬಿಟ್ಟು ಹೋದಾಗ ಈ ಹುಡುಗಿಗೆ ಮೂರು ವರ್ಷ. ಈಗ ಹತ್ತೊಂಬತ್ತು. ನಡುವಿನ ಅಷ್ಟೂ ವರ್ಷ ಹೊಟ್ಟೆಗೆ ಹಾಕಿದವಳು ನಾನು. ಅವಳು ತಲೆ ಬಾಚಿಕೊಳ್ಳುತ್ತಿದ್ದದ್ದು ಮಾತ್ರ ನೀನು ಬರುವ ಮಂಗಳವಾರ. ಉಳಿದ ಆರು ದಿನ ಮನೆಯಲ್ಲಿ ನೋಡುವವರು ಯಾರೂ ಇರಲಿಲ್ಲವೇ? ಹಿಡಿ ಮುರಿಯದ ಕಪ್ಪು ನಮ್ಮಲ್ಲಿರುವುದು ಒಂದೇ, ಅದು ನಿನಗೆ. ನೀನೋ, ನೆಲದ ಮೇಲೆ ಕಾಲು ಚಾಚಿ ಕೂತು, ನಿನಗೇನನ್ನಿಸುತ್ತೆ ಅಂತ ಅವಳನ್ನೇ ಕೇಳುವೆ. ಅವಳಿಗೇನನ್ನಿಸುತ್ತೆ, ಮಣ್ಣು! ಕೂಸಿನ ಮೊದಲ ಹಲ್ಲು ಶನಿವಾರವೇ ಕಂಡಿತ್ತಂತೆ. ನಿನಗೆ ಹೇಳಬೇಕು ಅಂತ ಮೂರು ದಿನ ಬಾಯಲ್ಲೇ ಇಟ್ಟುಕೊಂಡಿದ್ದಳು. ಒಂದೇ ಸೂರಿನ ಕೆಳಗಿದ್ದ ನನಗೆ, ನೀನು ಚಪ್ಪಾಳೆ ತಟ್ಟಿದ ಮೇಲೆ ಗೊತ್ತಾಯಿತು.

ಇಷ್ಟನ್ನೂ ನುಂಗಿಕೊಂಡಿದ್ದೆ. ಆಮೇಲೆ ನಿಮ್ಮ ಪ್ರಶ್ನೆ ಕೇಳುವವಳು ಬಂದಳು. ಕಷ್ಟ ಬಂದರೆ ಮೊದಲು ಯಾರ ಹತ್ತಿರ ಹೇಳಿಕೊಳ್ಳುತ್ತೀಯ ಅಂತ ಕೇಳಿದಳು. ನಾನು ಪರದೆಯ ಈಚೆ ಒಲೆ ಒರೆಸುತ್ತಿದ್ದೆ, ಕೈ ನಿಲ್ಲಿಸಿದೆ. ನರ್ಸಕ್ಕನ ಹತ್ತಿರ ಅಂದಳು ಹುಡುಗಿ, ಉಸಿರು ಕೂಡ ತೆಗೆದುಕೊಳ್ಳದೆ. ಆಮೇಲೆ? ಆಮೇಲೆ ಯಾರೂ ಇಲ್ಲ. ಅಜ್ಜಿ ಇದ್ದಾರಲ್ಲ ಅಂದದ್ದಕ್ಕೆ, ಅಜ್ಜಿ ಮೊದಲು ಬೈತಾಳೆ, ಆಮೇಲೆ ಏನಾಯ್ತು ಅಂತ ಕೇಳ್ತಾಳೆ ಅಂದಳು. ಇಬ್ಬರೂ ನಕ್ಕರು. ಹದಿನಾರು ವರ್ಷ ಸಾಕಿದವಳಿಗೆ ಆ ಪ್ರಶ್ನೆಯ ಕಾಗದದಲ್ಲಿ ಒಂದು ಗುರುತೂ ಬೀಳಲಿಲ್ಲ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ನಿನ್ನನ್ನು ಅಟ್ಟಿದ ಮೇಲೆ, ನರ್ಸಿಗೆ ವರ್ಗವಾಯಿತಂತೆ ಅಂತ ಅವಳಿಗೆ ಹೇಳಿದೆ. ನನ್ನನ್ನು ಕೇಳಿದಳಾ ಅಂದಳು. ಇಲ್ಲ, ಕೇಳಲಿಲ್ಲ ಅಂದೆ. ಅಷ್ಟು ಹೇಳಬೇಕಾಗಿರಲಿಲ್ಲ.

ಇನ್ನು ನನ್ನ ಕಡೆ ತಿರುಗುತ್ತಾಳೆ ಅಂದುಕೊಂಡಿದ್ದೆ. ಗೋಡೆಯ ಕಡೆ ತಿರುಗಿ ಮಲಗಿದಳು. ಏಳು ವಾರವಾಯಿತು. ತಲೆ ಜಡೆಗಟ್ಟಿದೆ. ಕೂಸು ಅತ್ತರೆ ಹಾಲು ಕೊಡುತ್ತಾಳೆ, ಮುಖ ನೋಡುವುದಿಲ್ಲ.

ಮೊನ್ನೆ ಶನಿವಾರ ಕೂಸು ಬೆಳಗಿನಿಂದ ಒಂದೇ ಸಮನೆ ಅಳುತ್ತಿತ್ತು. ನಾನು ನೀರಿಗೆ ಕೆಳಗೆ ಹೋಗಿದ್ದೆ. ಕೊಡ ಹೊತ್ತು ಮೇಲೆ ಬಂದರೆ, ಇವಳು ಮೆಟ್ಟಿಲ ಮೇಲೆ ಕೂತಿದ್ದಾಳೆ, ಎರಡೂ ಕೈ ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು. ಒಳಗೆ ಚಾಪೆಯ ನಡುವೆ ಕೂಸು ಕಿರುಚುತ್ತಿದೆ. ಬೈಯಲು ಬಾಯಿ ತೆರೆದೆ. ಬೈಬೇಡ ಅಜ್ಜಿ, ಇನ್ನೊಂದು ಗಳಿಗೆ ಎತ್ತಿಕೊಂಡಿದ್ದರೆ ಹಿಡಿದು ಕುಲುಕಿಬಿಡ್ತಿದ್ದೆ ಅಂದಳು. ಸಿಟ್ಟು ನೆತ್ತಿಗೇರಿದರೆ ಕೂಸನ್ನು ಕೆಳಗಿಟ್ಟು ಹೊರಗೆ ಹೋಗಿ ನಿಲ್ಲು ಅಂತ ನರ್ಸಕ್ಕ ಹೇಳಿದ್ದಳು ಅಂದಳು.

ನೀನು ಅದನ್ನು ಹೇಳಿಕೊಟ್ಟ ದಿನ, ಅಳುವ ಕೂಸನ್ನು ಬಿಟ್ಟು ಗಾಳಿ ಕುಡಿಯಲು ಹೋಗು ಅನ್ನುವುದಕ್ಕೆ ಸಂಬಳ ಬೇರೆ ಅಂತ ನಾನು ಒಳಗಿನಿಂದಲೇ ಹಂಗಿಸಿದ್ದೆ. ನಿನ್ನ ಕಿವಿಗೂ ಬಿದ್ದಿರಬೇಕು. ಕೂಸು ಉಳಿದದ್ದು ಆ ಮಾತಿನಿಂದ. ಅದಕ್ಕೂ ನನಗೆ ಹೊಟ್ಟೆಕಿಚ್ಚೇ ಆಯಿತು, ಯಾಕೆ ಮುಚ್ಚಿಡಲಿ? ಏಳು ವಾರ ಕಣ್ಣಿಗೆ ಬೀಳದ ನಿನ್ನ ಮಾತು ಅವಳಿಗೆ ನೆನಪಿತ್ತು. ಪಕ್ಕದಲ್ಲೇ ಇದ್ದ ನನ್ನನ್ನು ಕಂಡು, ಬೈಬೇಡ ಅಂದಳು.

ಅವತ್ತಿನಿಂದ ಕೂಸು ನನ್ನ ಹೆಗಲ ಮೇಲೇ ಇದೆ. ನೀರನ್ನು ಇಸ್ತ್ರಿಯವನ ಹೆಂಡತಿ ತಂದುಕೊಡುತ್ತಾಳೆ. ಇಬ್ಬರನ್ನೇ ಬಿಟ್ಟು ನಾನು ಮೆಟ್ಟಿಲಿಳಿದಿಲ್ಲ. ಆದರೆ ಹುಡುಗಿಯನ್ನು ಎಬ್ಬಿಸುವುದು ನನ್ನಿಂದ ಆಗುತ್ತಿಲ್ಲ. ಫೋನಿನಲ್ಲಾದರೆ ನಾನು ಬೈದು ಇಟ್ಟುಬಿಡುತ್ತೇನೆ, ಅದಕ್ಕೇ ಕಾಗದ.

ಊರು ಬಿಟ್ಟವರ ಹೆಸರು ತೆಗೆದುಹಾಕುತ್ತಾರೆ ಅಂದಿದ್ದೆಯಲ್ಲ, ಮತ್ತೆ ಬರೆಸು. ಆಫೀಸಿನವರು ಕಾರಣ ಕೇಳಿದರೆ ಮುದುಕಿಗೆ ಹೊಟ್ಟೆಕಿಚ್ಚು ಅಂತ ಬರೆದುಕೊಳ್ಳಲಿ. ಅದಕ್ಕೆ ಖಾನೆ ಇಲ್ಲದಿದ್ದರೆ ಹೊಸದೊಂದು ಗೆರೆ ಎಳೆದುಕೊಳ್ಳಲಿ. ನಾನು ಸುಳ್ಳು ಹೇಳಿದ್ದು ಹುಡುಗಿಗೆ ಇನ್ನೂ ಗೊತ್ತಿಲ್ಲ. ನೀನು ಹೇಳಬೇಡ. ನೀನು ಎದುರಿಗೆ ಕೂತಿರು, ನಾನೇ ಹೇಳುತ್ತೇನೆ. ಆಮೇಲೆ ಅವಳು ಏನು ಅಂದರೂ ಸರಿ. ಬಂದವಳು ಒಂದು ಗಂಟೆಗಿಂತ ಹೆಚ್ಚು ಕೂರಬೇಡ, ಕೂಸನ್ನು ನಿನ್ನ ತೊಡೆಯ ಮೇಲೆ ಮಲಗಿಸಿಕೊಳ್ಳಬೇಡ. ಅದು ಈಗ ನನಗೆ ಹೊಂದಿಕೊಂಡಿದೆ.

ಇಂತಿ,
ಬಾಗಿಲಿಗೆ ಅಡ್ಡ ನಿಂತವಳು

ಮರೆತಿದ್ದೆ. ಈ ಹುಡುಗಿಯ ತಾಯಿಗೆ, ಅಂದರೆ ನನ್ನ ಮಗಳಿಗೆ, ಎಡಗಿವಿ ಕೇಳುತ್ತಿರಲಿಲ್ಲ. ಕೂಸಾಗಿದ್ದಾಗ ಜ್ವರ ಬಂದು ಕಿವಿ ಹೋಯಿತು ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಜ್ವರ ಬಂದಿರಲಿಲ್ಲ. ಅವಳೂ ಅವತ್ತು ಬೆಳಗಿನಿಂದ ಅಳುತ್ತಿದ್ದಳು, ನನಗೂ ಆಗ ಇಪ್ಪತ್ತು ತುಂಬಿರಲಿಲ್ಲ. ನಾನು ಕೆಳಗಿಡಲಿಲ್ಲ. ನಮ್ಮ ಮನೆಗೆ ಯಾವ ವಾರವೂ ಯಾರೂ ಬರುತ್ತಿರಲಿಲ್ಲ. ಇದನ್ನು ಬೇಕಾದರೆ ನಿಮ್ಮ ಅಧ್ಯಯನಕ್ಕೆ ಸೇರಿಸಿಕೋ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ.